ಬಾಲ್ಯದ ಆಧಿಯೂ ಅದರ ಶಮನವೂ

ಸಂಸ್ಕೃತದಲ್ಲಿ ಆಧಿಯೆಂಬ ಶಬ್ದಕ್ಕೆ ಎರಡು ಅರ್ಥಗಳು ಪ್ರಸಿದ್ಧವಾಗಿರುವವು. ಮನಸ್ಸಿನ ವ್ಯಥೆಯೆಂಬದು ಒಂದು. ಸಾಲಕ್ಕಾಗಿ ಇಟ್ಟ ಒತ್ತೆಯೆಂಬದು ಇನ್ನೊಂದು. ಅಮರಕೋಶವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳು ಈ ಎರಡನ್ನೂ ಬಲ್ಲರು. ಆದರೆ ಎರಡಕ್ಕೂ ಒಂದೇ ಶಬ್ದವು ಏಕೆ ಬಂದಿತೆಂದು ಕೇಳುವವರು ವಿರಳ. ವೈಯಾಕರಣನು ಧಾತುವನ್ನೂ ಉಪಸರ್ಗವನ್ನೂ ತೋರಿಸಿ ಸುಮ್ಮನಾಗುವನು. ಎಳೆತನದಲ್ಲಿ ಪೆಟ್ಟು ತಿಂದ ಮನಸ್ಸುಗಳನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಈ ಶ್ಲೇಷವು ಬರಿಯ ಆಕಸ್ಮಿಕವೆಂದು ತೋರಲಾರದು. ಅಂಥ ಮಗುವು ತಾನು ಮಾಡದ ಸಾಲಕ್ಕೆ ಒತ್ತೆ ಬಿದ್ದಿರುತ್ತದೆ. ತಂದೆಯ ಸಿಟ್ಟು, ತಾಯಿಯ ಭಯ, ಮನೆಯ ಬಡತನ, ಊರಿನ ರೂಢಿ ಇವುಗಳ ಬಡ್ಡಿಯನ್ನು ಅದು ಬೆಳೆದು ದೊಡ್ಡದಾದ ಮೇಲೆಯೂ ತೆರುತ್ತಲೇ ಇರುತ್ತದೆ.

ಇಂಥ ಆಧಿಯನ್ನು ಉಸಿರು, ಆಸನ, ಧ್ಯಾನ ಮೊದಲಾದ ದೇಹಮನಸ್ಸುಗಳ ಅಭ್ಯಾಸದಿಂದ ಶಮನ ಮಾಡಬಹುದೆಂದು ಈಗ ಬಹಳ ಕಡೆ ಹೇಳುತ್ತಾರೆ. ಈ ಮಾತು ನಿಜವೆ? ನಿಜವಾದರೆ, ಒತ್ತೆ ಇಟ್ಟವರ ಋಣವು ಏನಾಗುವದು? ಗಾಯಗೊಂಡವನು ತನ್ನ ಗಾಯವನ್ನು ತಾನೇ ಮಾಯಿಸಿಕೊಂಡರೆ ಗಾಯ ಮಾಡಿದವನು ಬಿಡುಗಡೆ ಹೊಂದಿದಂತಾಗುವದೆ? ಮೊದಲನೆಯ ಪ್ರಶ್ನೆಗೆ ವೈದ್ಯರು ಉತ್ತರ ಹೇಳಬಲ್ಲರು. ಎರಡನೆಯದು ಧರ್ಮಜಿಜ್ಞಾಸೆಯ ವಿಷಯ, ಕಠಿಣವಾದದ್ದೂ ಅದೇ.

ದೊಡ್ಡವರಿಗಾದ ದುಃಖಕ್ಕೂ ಮಕ್ಕಳಿಗಾದ ದುಃಖಕ್ಕೂ ಒಂದು ದೊಡ್ಡ ಭೇದವುಂಟು. ದೊಡ್ಡವನು ತನಗೆ ಏನಾಯಿತೆಂಬದನ್ನು ಮಾತಿನಲ್ಲಿ ಹಿಡಿಯಬಲ್ಲನು. ಅನ್ಯಾಯವಾಯಿತೆಂದು ನಾಲ್ಕು ಜನರ ಮುಂದೆ ಹೇಳಬಲ್ಲನು. ಕೂಸಿಗೆ ಆ ಮಾತೇ ಇನ್ನೂ ಬಂದಿರುವದಿಲ್ಲ. ಹೊಡೆಯುವವರೂ ಉಣಿಸುವವರೂ ಒಬ್ಬರೇ ಆಗಿರುವಲ್ಲಿ, ಹೊಡೆದದ್ದು ತಪ್ಪೆಂದು ಎಣಿಸುವದಕ್ಕಿಂತ ತಾನೇ ಕೆಟ್ಟವನೆಂದು ಎಣಿಸುವದು ಅದಕ್ಕೆ ಸುಲಭ. ಏಕೆಂದರೆ ಉಣಿಸುವವರನ್ನು ಕೆಟ್ಟವರೆಂದು ಬಗೆದರೆ ಅದಕ್ಕೆ ಜಗತ್ತಿನಲ್ಲಿ ನಿಲ್ಲಲು ನೆಲೆಯೇ ಉಳಿಯುವದಿಲ್ಲ. ಹೀಗೆ ಮಾತಿಗೆ ಬಾರದ ದುಃಖವು ಮೈಯಲ್ಲಿ ಇಳಿಯುವದು. ಮಾಸ್ತರರು ಹಲಗೆ ಒರಸಲು ಕೈ ಎತ್ತಿದರೂ ಬೆನ್ನು ಕುಗ್ಗಿಸುವ ಹುಡುಗನೊಬ್ಬನು ಪ್ರತಿಯೊಂದು ಸಾಲೆಯಲ್ಲಿಯೂ ಇರುತ್ತಾನೆ. ಅವನು ಯಾವದನ್ನೂ ನೆನೆಯುತ್ತಿರುವದಿಲ್ಲ. ಅವನ ಬೆನ್ನು ನೆನೆಯುತ್ತಿರುತ್ತದೆ.

ಪ್ರಾಚೀನರು ಇದನ್ನು ಅರಿಯದೆ ಇರಲಿಲ್ಲ. ಪತಂಜಲಿಯು ಚಿತ್ತವಿಕ್ಷೇಪದ ಸಂಗಡ ಬರುವವುಗಳನ್ನು ಎಣಿಸುವಾಗ ದುಃಖವನ್ನೂ ಮನಸ್ಸಿನ ಕುಂದನ್ನೂ ಹೇಳಿ ಅಲ್ಲಿಗೆ ನಿಲ್ಲುವದಿಲ್ಲ. ಮೈಯ ನಡುಕವನ್ನೂ ಉಸಿರಿನ ಏರುಪೇರನ್ನೂ ಅದೇ ಸಾಲಿನಲ್ಲಿ ಸೇರಿಸುತ್ತಾನೆ. ಯೋಗವಾಸಿಷ್ಠದ ಚೂಡಾಲೆಯ ಉಪಾಖ್ಯಾನದಲ್ಲಿಯಂತೂ ಆಧಿಯಿಂದ ವ್ಯಾಧಿಯು ಹುಟ್ಟುವ ಕ್ರಮವನ್ನೇ ವಿವರಿಸಿದೆ: ಮನಸ್ಸು ಕಲಕಿದರೆ ಪ್ರಾಣವು ದಾರಿ ತಪ್ಪುವದು, ಪ್ರಾಣವು ತಪ್ಪಿದರೆ ನಾಡಿಗಳು ವಿಷಮವಾಗುವವು, ಉಂಡ ಅನ್ನವು ಅರಗದೆ ರೋಗವಾಗಿ ಪರಿಣಮಿಸುವದು. ಇದು ಋಷಿಗಳ ಕಲ್ಪನೆಯೆಂದು ನಗುವವರು 1998ರಲ್ಲಿ ಅಮೇರಿಕೆಯ ಫೆಲಿಟ್ಟಿ, ಆಂಡಾ ಎಂಬ ವೈದ್ಯರು ಪ್ರಕಟಿಸಿದ ಪರಿಶೋಧನೆಯನ್ನು ನೋಡತಕ್ಕದ್ದು. ಒಂಬತ್ತು ಸಾವಿರಕ್ಕೆ ಮಿಕ್ಕಿದ ಪ್ರೌಢ ಜನರಿಗೆ ಅವರು ಬಾಲ್ಯದ ಸಂಗತಿಗಳನ್ನು ಕೇಳಿದರು: ಹೊಡೆತ, ಬೈಗುಳ, ಮೈಮೇಲಿನ ಅತ್ಯಾಚಾರ, ತಾಯಿಯು ಪೆಟ್ಟು ತಿಂದದ್ದು, ಮನೆಯಲ್ಲಿ ಕುಡಿತ ಮುಂತಾದವುಗಳನ್ನು. ಇಂಥ ಸಂಗತಿಗಳು ಹೆಚ್ಚಿದಂತೆ ಹೃದ್ರೋಗ, ಶ್ವಾಸಕೋಶದ ರೋಗ, ವ್ಯಸನ, ಆತ್ಮಹತ್ಯೆಯ ಯತ್ನ ಇವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿದ್ದು ಕಂಡುಬಂದಿತು. ನಮ್ಮ ದೇಶದಲ್ಲಿ ಕೇಂದ್ರ ಸರಕಾರವು 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೂವರಲ್ಲಿ ಇಬ್ಬರು ಹೊಡೆತ ತಿಂದವರೆಂದು ಗೊತ್ತಾಯಿತು. ಅಂಥ ಮಕ್ಕಳಲ್ಲಿ ಹೆಚ್ಚಿನವರು ತಮ್ಮ ಸಂಗತಿಯನ್ನು ಯಾರ ಮುಂದೆಯೂ ಆಡಿರಲಿಲ್ಲ.

ಈ ವಿಚಾರಕ್ಕೆ ಐತರೇಯ ಬ್ರಾಹ್ಮಣದಲ್ಲಿಯ ಶುನಃಶೇಪನ ಕಥೆಗಿಂತ ಹೆಚ್ಚು ಉಪಯುಕ್ತವಾದ ಕಥೆಯು ದೊರೆಯಲಾರದು. ರಾಜಸೂಯದಲ್ಲಿ ಇದನ್ನು ಹೇಳಿಸುತ್ತಿದ್ದರು. ಪಾಠಶಾಲೆಗಳಲ್ಲಿ ಈಗಲೂ ಓದಿಸುತ್ತಾರೆ. ಆದರೆ ಅದನ್ನು ಯಜ್ಞದ ಕಥೆಯೆಂದು ಓದುವರೇ ಹೊರತು ಮಾರಲ್ಪಟ್ಟ ಒಬ್ಬ ಹುಡುಗನ ಕಥೆಯೆಂದು ಓದುವವರು ಕಡಿಮೆ.

ಹರಿಶ್ಚಂದ್ರನು ಮಗನಿಲ್ಲದೆ ವರುಣನಿಗೆ ಹರಸಿಕೊಂಡನು: ಮಗನು ಹುಟ್ಟಿದರೆ ಅವನನ್ನೇ ನಿನಗೆ ಅರ್ಪಿಸುವೆನೆಂದು. ರೋಹಿತನು ಹುಟ್ಟಿದನು. ಹಲ್ಲು ಬರಲಿ, ಹಲ್ಲು ಬೀಳಲಿ, ಕವಚ ತೊಡುವಂತಾಗಲಿ ಎಂದು ತಂದೆಯು ದಿನ ದೂಡಿದನು. ಕೊನೆಗೆ ಸಂಗತಿಯನ್ನು ಕೇಳಿದ ಮಗನು ಬಿಲ್ಲು ಹಿಡಿದು ಅಡವಿಗೆ ಹೋದನು. ಇತ್ತ ವರುಣನು ಹಿಡಿದದ್ದರಿಂದ ತಂದೆಯ ಹೊಟ್ಟೆಯು ಉಬ್ಬಿತು. ಅಡವಿಯಲ್ಲಿ ರೋಹಿತನಿಗೆ ಹಸಿವೆಯಿಂದ ಕಂಗೆಟ್ಟ ಅಜೀಗರ್ತನು ದೊರೆತನು. ಅವನಿಗೆ ಮೂವರು ಮಕ್ಕಳು. ಮೂವರ ಹೆಸರಿಗೂ ನಾಯಿಯ ಬಾಲವೆಂದೇ ಅರ್ಥ. ನೂರು ಆಕಳು ಕೊಡುವೆನು, ಒಬ್ಬನನ್ನು ಕೊಡೆಂದು ರೋಹಿತನು ಕೇಳಿದಾಗ ತಂದೆಯು ಹಿರಿಯನನ್ನು ತಬ್ಬಿಕೊಂಡನು, ತಾಯಿಯು ಕಿರಿಯನನ್ನು. ನಡುವಿನವನಾದ ಶುನಃಶೇಪನನ್ನು ಯಾರೂ ತಬ್ಬಲಿಲ್ಲ. ಯೂಪಕ್ಕೆ ಅವನನ್ನು ಕಟ್ಟುವವರೇ ಸಿಗಲಿಲ್ಲ. ಇನ್ನೊಂದು ನೂರು ಆಕಳು ಕೊಟ್ಟರೆ ತಾನೇ ಕಟ್ಟುವೆನೆಂದು ತಂದೆಯೆಂದನು. ಕಡಿಯುವವರೂ ಸಿಗಲಿಲ್ಲ, ಮತ್ತೊಂದು ನೂರಕ್ಕೆ ಅವನೇ ಕತ್ತಿ ಮಸೆದು ಬಂದನು.

ಇಲ್ಲಿ ವಿವೇಚಕನು ತುಸು ನಿಲ್ಲಬೇಕು. ಮೊದಲಿನ ನೂರು ಆಕಳು ಹಸಿವೆಯ ಆಕಳು. ಎರಡನೆಯ ಮತ್ತು ಮೂರನೆಯ ನೂರು ಹಾಗಲ್ಲ. ಬಡತನವು ಮಾಡಿಸಿದ ಪಾಪಕ್ಕೂ ರೂಢಿಯಾಗಿ ಕೈ ಪಳಗಿದ ಮೇಲೆ ಮಾಡುವ ಪಾಪಕ್ಕೂ ಇರುವ ಅಂತರವನ್ನು ಆ ಪುರಾತನ ಕಥೆಗಾರನು ಆಕಳುಗಳನ್ನು ಎಣಿಸಿಯೇ ತೋರಿಸಿದ್ದಾನೆ. ಮಕ್ಕಳಿಗೆ ಆದ ಅನ್ಯಾಯವನ್ನು ವಿಚಾರಿಸುವಾಗ ಬಡತನವೊಂದನ್ನೇ ಹಳಿಯುವವರೂ ಬಡವರನ್ನೇ ಹಳಿಯುವವರೂ ಈ ಲೆಕ್ಕವನ್ನು ಮರೆಯುತ್ತಾರೆ.

ಹುಡುಗನು ತನಗೆ ಬೇರೆ ಗತಿಯಿಲ್ಲೆಂದು ಕಂಡು ದೇವತೆಗಳನ್ನು ಒಬ್ಬೊಬ್ಬರನ್ನಾಗಿ ಸ್ತುತಿಸಿದನು. ಕಡೆಗೆ ಉಷಸ್ಸನ್ನು ಸ್ತುತಿಸುವಾಗ ಒಂದೊಂದು ಋಕ್ಕಿಗೆ ಒಂದೊಂದು ಪಾಶವು ಬಿಚ್ಚುತ್ತ ಹೋಯಿತು. ಅದರೊಡನೆಯೇ ಹರಿಶ್ಚಂದ್ರನ ಹೊಟ್ಟೆಯೂ ಇಳಿಯುತ್ತ ಹೋಯಿತು. ದನಿ, ಉಸಿರು, ಮೈಯ ಕಟ್ಟು ಇವು ಮೂರನ್ನೂ ಒಂದೇ ನೂಲಿನಲ್ಲಿ ಪೋಣಿಸಿದ ಚಿತ್ರವಿದು. ಕಟ್ಟುಗಳು ಒಮ್ಮೆಲೇ ಹರಿಯಲಿಲ್ಲ; ಋಕ್ಕಿಗೊಂದರಂತೆ ಬಿಚ್ಚಿದವು. ಮತ್ತು ಬಾಲಕನನ್ನು ಕಟ್ಟಿದ ಹಗ್ಗವೂ ದೊರೆಯ ರೋಗವೂ ಬೇರೆಬೇರೆ ಅಲ್ಲ. ಮಕ್ಕಳನ್ನು ಒತ್ತೆಯಿಟ್ಟ ಮನೆಯಲ್ಲಿ ಹಿರಿಯರಿಗೂ ಆರೋಗ್ಯವಿರುವದಿಲ್ಲ.

ಸವದತ್ತಿಯ ಸೀಮೆಯವರಿಗೆ ಈ ಕಥೆಯು ದೂರದ್ದಲ್ಲ. ಸಿರಸಂಗಿಯ ಕಾಳಿಕಾದೇವಿಯ ಗುಡಿಗೆ ನಡೆದುಕೊಳ್ಳುವ ಭಕ್ತರಲ್ಲಿ ಅನೇಕರು ಯಲ್ಲಮ್ಮನ ಗುಡ್ಡಕ್ಕೂ ಹೋಗುವವರೇ. ಆ ಗುಡ್ಡದ ದೇವಿಯ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುವ ರೂಢಿಯು ಬಹುಕಾಲ ನಡೆಯಿತು. ಮನೆಯಲ್ಲಿ ಬೇನೆ ಬಂದರೆ, ತಲೆಯಲ್ಲಿ ಜಡೆಗಟ್ಟಿದರೆ, ಗಂಡು ಸಂತಾನವಿಲ್ಲದಿದ್ದರೆ ಹರಕೆ, ಹರಕೆಗೆ ಹುಡುಗಿ. ಇದಕ್ಕಿಂತ ಸ್ಪಷ್ಟವಾದ ಆಧಿಯು, ಅಂದರೆ ಒತ್ತೆಯು, ಇನ್ನಾವದು? 1934ರಲ್ಲಿ ಮುಂಬಯಿ ಸರಕಾರವು ಇದರ ವಿರುದ್ಧ ಕಾಯಿದೆ ಮಾಡಿತು. 1982ರಲ್ಲಿ ಕರ್ನಾಟಕವು ಮತ್ತೆ ಮಾಡಿತು. ಒಂದೇ ಪಾಪಕ್ಕೆ ಎರಡು ಸಾರೆ ಕಾಯಿದೆ ಮಾಡಬೇಕಾದದ್ದೇ ಮೊದಲಿನ ಕಾಯಿದೆಯ ಫಲವನ್ನು ಹೇಳುತ್ತದೆ. ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೆ ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿದ್ದರು. ಬೆಳಗಾವಿ ಜಿಲ್ಲೆಯಲ್ಲಿ ಆ ರೂಢಿಯಿಂದ ಹೊರಬಂದ ಹೆಂಗಸರೇ ಕೂಡಿ 1997ರಲ್ಲಿ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಮುಂದಾಳುಗಳಲ್ಲಿ ಅವರೊಬ್ಬರು. 2018ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀಯನ್ನು ಕೊಟ್ಟಿತು.

ಈ ಹೆಂಗಸರ ದುಃಖದಲ್ಲಿ ವಿಶೇಷವಾದ ಒಂದು ಅಂಶವುಂಟು. ಹೊಡೆತ ತಿಂದ ಹುಡುಗನಿಗೆ, ಎಂದಾದರೊಂದು ದಿನ, ಹೊಡೆದದ್ದು ತಪ್ಪೆಂದು ಹೇಳುವ ಒಬ್ಬ ನೆರೆಯವನಾದರೂ ಸಿಗಬಹುದು. ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಊರೆಲ್ಲ ಕೈಮುಗಿಯುತ್ತದೆ. ಹಬ್ಬದಲ್ಲಿ ಉಡಿ ತುಂಬುತ್ತದೆ. ಗಾಯವನ್ನು ಗಾಯವೆಂದು ಕರೆಯುವ ಹಕ್ಕನ್ನೂ ಕಸಿದುಕೊಂಡ ಮೇಲೆ ಮಾಯುವದು ಹೇಗೆ? ಚರಕನು ಮಾನಸರೋಗಕ್ಕೆ ಔಷಧಗಳನ್ನು ಹೇಳುವಾಗ ಜ್ಞಾನ, ಧೈರ್ಯ, ಸಮಾಧಿಗಳ ಸಾಲಿನಲ್ಲಿ ಸ್ಮೃತಿಯನ್ನೂ ಇಟ್ಟಿದ್ದಾನೆ. ಇದು ಆಶ್ಚರ್ಯ; ಏಕೆಂದರೆ ಪತಂಜಲಿಯು ಸ್ಮೃತಿಯನ್ನು ನಿರೋಧಿಸತಕ್ಕ ವೃತ್ತಿಗಳಲ್ಲಿ ಎಣಿಸುತ್ತಾನೆ. ಒಬ್ಬನಿಗೆ ಔಷಧವಾದದ್ದು ಇನ್ನೊಬ್ಬನಿಗೆ ಅಡ್ಡಿಯಾದದ್ದು ಹೇಗೆಂದು ವಾದಿಸಬಹುದು. ಆದರೆ ಇಬ್ಬರೂ ಹೇಳುವದು ಒಂದೇ ನೆನಪನ್ನಲ್ಲವೆಂದು ತೋರುತ್ತದೆ. ಬೆನ್ನು ನೆನೆಯುವದು ಒಂದು ಬಗೆ. ಬುದ್ಧಿಯು ನೆನೆಯುವದು ಇನ್ನೊಂದು ಬಗೆ. ಬೆನ್ನಿನ ನೆನಪಿಗೆ ಕಾಲವಿಲ್ಲ. ಇಪ್ಪತ್ತು ವರುಷದ ಹಿಂದಿನದು ಈಗಲೇ ನಡೆದಂತೆ ಮೈ ನಡುಗುತ್ತದೆ. ಬುದ್ಧಿಯ ನೆನಪು ಅದನ್ನು ಅದರ ವರುಷದಲ್ಲಿ ಇರಿಸಿ, ಇದು ಆಗ ಆಯಿತು, ಇಂಥವರು ಮಾಡಿದರು, ಇದು ನನ್ನ ತಪ್ಪಲ್ಲ ಎಂದು ಹೇಳುತ್ತದೆ. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವದೇ ಚಿಕಿತ್ಸೆ.

ಉಸಿರು ಮತ್ತು ಮೈಯ ಅಭ್ಯಾಸವು ಉಪಯೋಗಕ್ಕೆ ಬರುವದು ಇಲ್ಲಿಯೇ. ಮೈ ನಡುಗುತ್ತಿರುವಾಗ ಬುದ್ಧಿಯು ಏನನ್ನೂ ಇರಿಸಲಾರದು. ಉಸಿರನ್ನು ನಿಧಾನವಾಗಿ ಬಿಡುವಾಗ ಹೃದಯದ ಬಡಿತವು ತಗ್ಗುವದೆಂದೂ, ಮಿದುಳಿನಿಂದ ಹೃದಯ, ಹೊಟ್ಟೆಗಳ ವರೆಗೆ ಹಬ್ಬಿದ ವೇಗಸ್ ಎಂಬ ನರವು ಇದಕ್ಕೆ ಸಾಧನವೆಂದೂ ಶರೀರಶಾಸ್ತ್ರಜ್ಞರು ಹೇಳುವರು. 2014ರಲ್ಲಿ ವ್ಯಾನ್ ಡರ್ ಕೋಲ್ಕ್ ಎಂಬ ವೈದ್ಯನೂ ಅವನ ಸಂಗಡಿಗರೂ, ಬಹುದಿನಗಳಿಂದ ಇಂಥ ಆಧಿಯಿಂದ ಬಳಲಿ ಬೇರೆ ಚಿಕಿತ್ಸೆಗೆ ಜಗ್ಗದ 64 ಜನ ಹೆಂಗಸರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಹತ್ತು ವಾರ ಆಸನಾಭ್ಯಾಸವನ್ನೂ ಇನ್ನೊಂದು ಪಾಲಿನವರಿಗೆ ಆರೋಗ್ಯದ ತಿಳಿವಳಿಕೆಯ ಪಾಠವನ್ನೂ ಕೊಡಿಸಿದ ವೃತ್ತಾಂತವನ್ನು ಪ್ರಕಟಿಸಿದರು. ಕಡೆಯಲ್ಲಿ ಪರೀಕ್ಷಿಸಲಾದ ಮೊದಲಿನ ಪಾಲಿನ 31 ಜನರಲ್ಲಿ 16 ಜನರಿಗೆ ಆ ರೋಗದ ಲಕ್ಷಣಗಳು ಪೂರ್ತಿಯಾಗಿ ಉಳಿಯಲಿಲ್ಲ. ಎರಡನೆಯ ಪಾಲಿನ 29ರಲ್ಲಿ 6 ಜನರಿಗೆ ಮಾತ್ರ ಹಾಗಾಯಿತು. ಇದು ಸಣ್ಣ ಪ್ರಯೋಗ. ಅರ್ಧಕ್ಕೆ ಅರ್ಧ ಜನರಿಗೆ ಗುಣವಾಗಲಿಲ್ಲವೆಂಬದೂ ಅದರಲ್ಲಿಯೇ ಇದೆ. ಆದುದರಿಂದ ಯೋಗದಿಂದ ಎಲ್ಲವೂ ಹೋಗುವದೆಂದು ಡಂಗುರ ಸಾರುವವರನ್ನು ನಂಬತಕ್ಕದ್ದಲ್ಲ. ಆಧಿಯು ಬಲಿತು ನಿದ್ದೆಗೆಟ್ಟು, ಸಾಯುವ ಮಾತು ಬಂದಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯ ವೈದ್ಯರಂಥವರ ಬಳಿಗೆ ತಡವಿಲ್ಲದೆ ಕರೆದೊಯ್ಯಬೇಕು.

ಈ ಅಭ್ಯಾಸವನ್ನು ಕಲಿಸುವ ರೀತಿಯಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಸಾಲೆಗಳಲ್ಲಿ ಯೋಗಾಸನವನ್ನು ಕವಾಯತಿನಂತೆ ಮಾಡಿಸುವದುಂಟು: ಕಣ್ಣು ಮುಚ್ಚು, ಕೈ ಎತ್ತು, ಅಲುಗಬೇಡ. ಸಾಮಾನ್ಯ ಹುಡುಗರಿಗೆ ಇದರಿಂದ ಕೇಡಿಲ್ಲ. ಆದರೆ ಯಾವ ಮಗುವಿನ ಮೈಯು ಬೇರೊಬ್ಬರ ಅಪ್ಪಣೆಗೆ ಒಳಗಾಗಿ ಕೆಟ್ಟಿತೋ ಆ ಮಗುವಿಗೆ ಮತ್ತೊಂದು ಅಪ್ಪಣೆಯಿಂದ ಗುಣವಾಗಲಾರದು. ಕಣ್ಣು ಮುಚ್ಚಿದೊಡನೆ ಅದಕ್ಕೆ ಹಳೆಯ ಕತ್ತಲೆಯೇ ಕಾಣಬಹುದು. ಮೇಲೆ ಹೇಳಿದ ಪ್ರಯೋಗದಲ್ಲಿ ಕಲಿಸುವವರು ಆಜ್ಞಾರ್ಥಕ ಕ್ರಿಯಾಪದಗಳನ್ನೇ ಬಿಟ್ಟು, ಬೇಕಾದರೆ ಹೀಗೆ ಮಾಡಬಹುದು, ಬೇಡವಾದರೆ ನಿಲ್ಲಿಸಬಹುದು ಎಂಬ ರೀತಿಯಿಂದ ಕಲಿಸಿದರು. ವಿಧ್ಯರ್ಥವನ್ನು ಬಿಟ್ಟು ಸಂಭಾವನಾರ್ಥವನ್ನು ಹಿಡಿಯುವದು ವ್ಯಾಕರಣದಲ್ಲಿ ಅಲ್ಪ ಭೇದ. ಇಂಥ ಮಗುವಿನ ಮಟ್ಟಿಗೆ ಅಲ್ಪವಲ್ಲ. ತನ್ನ ಕೈಯನ್ನು ತಾನು ಎತ್ತಬಹುದು, ತಾನೇ ಇಳಿಸಬಹುದು ಎಂದು ಅರಿಯುವದೇ ಅದಕ್ಕೆ ಪಾಠದ ಸಾರ. ಚಿಕ್ಕ ಮಕ್ಕಳಿಗೆ ಬಲವಂತದಿಂದ ಉಸಿರು ಕಟ್ಟಿಸುವ ಕುಂಭಕವನ್ನು ಕಲಿಸುವದು ಎಂದಿಗೂ ಸಲ್ಲದು.

ಶಾಸ್ತ್ರದ ಹೆಸರಿಲ್ಲದ ಇಂಥ ಅಭ್ಯಾಸಗಳು ಈ ಸೀಮೆಯಲ್ಲಿ ಮೊದಲಿನಿಂದಲೂ ಇದ್ದವು. ಬೆಳಗಿನ ಜಾವಕ್ಕೆ ಎದ್ದು ಇಬ್ಬರು ಹೆಂಗಸರು ಎದುರುಬದುರು ಕುಳಿತು ಬೀಸುವಾಗ ತೋಳು ಒಂದೇ ಲಯದಲ್ಲಿ ತಿರುಗುತ್ತಿತ್ತು. ಉಸಿರು ಆ ಲಯಕ್ಕೆ ಹೊಂದುತ್ತಿತ್ತು. ಆ ಉಸಿರಿನ ಮೇಲೆ ತವರಿನ ನೆನಪು, ಅತ್ತೆಯ ಕಾಟ, ಸತ್ತ ಕೂಸು ಎಲ್ಲವೂ ಹಾಡಾಗಿ ಬರುತ್ತಿತ್ತು. ಹಗಲಲ್ಲಿ ಆಡಬಾರದ್ದನ್ನು ಬೀಸುಕಲ್ಲಿನ ಮುಂದೆ ಹಾಡಿದರೆ ತಪ್ಪೆಣಿಸುತ್ತಿರಲಿಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಸಾಹಿತ್ಯವೆಂದು ಮೆಚ್ಚಿದವರು ಬಹಳ. ಅದನ್ನು ವೈದ್ಯದ ದಾಖಲೆಯೆಂದೂ ಓದಬಹುದು. ಗಿರಣಿಯು ಬಂದು ಹೆಂಗಸರ ರಟ್ಟೆಗೆ ವಿಶ್ರಾಂತಿಯಾಯಿತು, ಅದು ಒಳ್ಳೆಯದೇ. ಅಳುವದಕ್ಕೆ ಇದ್ದ ಒಂದು ಸ್ಥಳವು ಮಾತ್ರ ಹೋಯಿತು.

ಇರಲಿ, ಎರಡನೆಯ ಪ್ರಶ್ನೆಗೆ ಬರುವ. ಕೆಲವರು ಹೀಗೆ ಹೇಳುವರು: ಆದದ್ದು ಪೂರ್ವಕರ್ಮ; ಮಾಡಿದವರನ್ನು ಕ್ಷಮಿಸಿ ಶಾಂತಿಯನ್ನು ಪಡೆಯಬೇಕು; ಧ್ಯಾನದ ಫಲವೇ ಕ್ಷಮೆ. ಈ ಮಾತನ್ನು ಹೆಚ್ಚಾಗಿ ಆಡುವವರು ಗಾಯಗೊಂಡವರಲ್ಲವೆಂಬದನ್ನು ಮೊದಲು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಕರ್ಮಸಿದ್ಧಾಂತವು ಪ್ರತಿಯೊಬ್ಬನು ತನ್ನ ಕೃತ್ಯಕ್ಕೆ ತಾನು ಹೊಣೆಯಾಗಲೆಂದು ಹುಟ್ಟಿದ್ದು; ಏಳು ವರುಷದ ಹುಡುಗಿಯ ಮುಂದೆ ಅದನ್ನು ಪಠಿಸಿ ನಲವತ್ತು ವರುಷದವರ ಹೊಣೆಯನ್ನು ಜಾರಿಸುವದು ಆ ಸಿದ್ಧಾಂತಕ್ಕೇ ಮಾಡಿದ ಅಪಚಾರ. ಪತಂಜಲಿಯು ಪಾಪಿಗಳ ವಿಷಯದಲ್ಲಿ ಉಪೇಕ್ಷೆಯನ್ನು ಹೇಳಿದ್ದುಂಟು. ಆದರೆ ಅದು ಸಾಧಕನ ಚಿತ್ತಪ್ರಸಾದಕ್ಕೆ ಹೇಳಿದ್ದು. ಊರಿನ ಪಂಚರಿಗೂ ನ್ಯಾಯಾಧೀಶನಿಗೂ ಹೇಳಿದ್ದಲ್ಲ. ಗಾಯಗೊಂಡವಳು ತನ್ನ ನಿದ್ದೆಗಾಗಿ ಉಪೇಕ್ಷೆಯನ್ನು ಆರಿಸಿಕೊಂಡರೆ ಅದು ಅವಳ ಸ್ವಾತಂತ್ರ್ಯ. ಊರಿನವರು ಅದೇ ಉಪೇಕ್ಷೆಯನ್ನು ತಾವು ಹಿಡಿದರೆ ಅದು ಅಪರಾಧದಲ್ಲಿ ಪಾಲು.

ವೇದದ ಹುಡುಗನು ಏನು ಮಾಡಿದನೆಂದು ನೋಡಿದರೆ ಈ ವಾದವು ಇನ್ನೂ ತಿಳಿಯಾಗುವದು. ಕಟ್ಟು ಬಿಚ್ಚಿದ ಮೇಲೆ ಶುನಃಶೇಪನು ಹೋಗಿ ವಿಶ್ವಾಮಿತ್ರನ ತೊಡೆಯ ಮೇಲೆ ಕುಳಿತನು. ಅಜೀಗರ್ತನು ಮಗನನ್ನು ಮರಳಿ ಕೇಳಿದನು. ತಾನು ಪಶ್ಚಾತ್ತಾಪ ಪಟ್ಟಿರುವೆನೆಂದೂ ಆಕಳುಗಳು ನಿನಗೇ ಇರಲೆಂದೂ ಹೇಳಿದನು. ಹುಡುಗನು ಒಪ್ಪಲಿಲ್ಲ. ಒಮ್ಮೆ ಇಂಥ ಪಾಪವನ್ನು ಮಾಡಿದವನು ಇನ್ನೊಮ್ಮೆಯೂ ಮಾಡಿಯಾನು, ನೀನು ಮಾಡಿದ್ದು ಸಂಧಾನಕ್ಕೆ ಮೀರಿದ್ದು ಎಂಬ ಅಭಿಪ್ರಾಯದ ಉತ್ತರವನ್ನು ಕೊಟ್ಟನು. ವಿಶ್ವಾಮಿತ್ರನೂ ಅದನ್ನು ಎತ್ತಿ ಹಿಡಿದನು. ಇಷ್ಟೆಲ್ಲ ದೇವತೆಗಳನ್ನು ಸ್ತುತಿಸಿ ಪಾಶಮುಕ್ತನಾದವನು ತಂದೆಯನ್ನು ಶಪಿಸಲಿಲ್ಲ, ಹೊಡೆಯಲಿಲ್ಲ; ಹಿಂದಿರುಗಿಯೂ ಹೋಗಲಿಲ್ಲ. ಶ್ರುತಿಯು ಅವನನ್ನು ಕೃತಘ್ನನೆಂದು ಒಂದು ಮಾತಿನಿಂದಲೂ ಹಳಿಯಲಿಲ್ಲ. ತಂದೆತಾಯಿಗಳ ಋಣವನ್ನು ಎಲ್ಲಕ್ಕೂ ಮಿಗಿಲಾಗಿ ಎಣಿಸಿದ ಸಂಪ್ರದಾಯದಲ್ಲಿ ಇದು ಸಣ್ಣ ಮಾತಲ್ಲ. ಮನಸ್ಸಿನ ಶಾಂತಿಯೊಂದು, ಮುರಿದ ಸಂಬಂಧವನ್ನು ಕೂಡಿಸುವದು ಇನ್ನೊಂದು; ಮೊದಲನೆಯದು ದೊರೆತ ಮಾತ್ರಕ್ಕೆ ಎರಡನೆಯದನ್ನು ಕೊಡಬೇಕೆಂಬ ಸಾಲವು ಯಾರ ಮೇಲೂ ಇಲ್ಲ.

ಆದರೆ ಕಟ್ಟು ಬಿಚ್ಚಿದ ಹುಡುಗನಿಗೆ ಕುಳಿತುಕೊಳ್ಳಲು ಒಂದು ತೊಡೆಯು ಬೇಕಾಯಿತು. ಉಸಿರಿನ ಅಭ್ಯಾಸವನ್ನು ಬೋಧಿಸುವವರು ಮರೆಯುವದು ಇದನ್ನೇ. ಮುತ್ತನ್ನು ಹರಿದುಕೊಂಡ ಹೆಂಗಸರು ಮೊದಲು ಮಾಡಿದ್ದು ಧ್ಯಾನವಲ್ಲ, ಸಂಘ. ಒಬ್ಬರ ಮುಂದೊಬ್ಬರು ಕುಳಿತು ತಮಗಾದದ್ದನ್ನು ಹೇಳಿದರು. ಅದು ಬೀಸುಕಲ್ಲಿನ ಬದಲಿಗೆ ಬಂದ ಸ್ಥಳ.

ಸಿರಸಂಗಿಯ ಲಿಂಗರಾಜ ದೇಸಾಯಿಯವರನ್ನು ಇಲ್ಲಿ ನೆನೆಯುವದು ಅಪ್ರಸ್ತುತವಾಗಲಾರದು. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ದತ್ತಕರಾಗಿ ಸಿರಸಂಗಿಯ ದೇಸಗತಿಗೆ ಬಂದರು. ದತ್ತಕಮೀಮಾಂಸೆಯಂಥ ಗ್ರಂಥಗಳಲ್ಲಿ ಕೊಡುವವನ ಅಧಿಕಾರ, ಕೊಳ್ಳುವವನ ಅಧಿಕಾರ, ಹೋಮ, ಗೋತ್ರ ಇವೆಲ್ಲವುಗಳ ಚರ್ಚೆಯು ವಿಸ್ತಾರವಾಗಿದೆ. ಒಂದು ಮನೆಯ ಅಂಗಳವನ್ನು ಬಿಟ್ಟು ಇನ್ನೊಂದು ಮನೆಯ ಅಂಗಳಕ್ಕೆ ಬರುವ ಹುಡುಗನ ಮನಸ್ಸು ಮಾತ್ರ ಅಲ್ಲಿ ವಿಚಾರಕ್ಕೆ ಬಂದ ವಿಷಯವಲ್ಲ. ದೇಸಾಯಿಯವರ ಅಂತರಂಗವನ್ನು ಊಹಿಸಿ ಬರೆಯುವದು ಅವಿವೇಕ. ಅವರು ಮಾಡಿದ್ದು ಎಲ್ಲರಿಗೂ ಗೊತ್ತು. 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅಧ್ಯಕ್ಷರಾದರು. 1906ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯು ಸಮಾಜದ ಹುಡುಗರ ವಿದ್ಯೆಗೆ ಸಲ್ಲುವಂತೆ ಮೃತ್ಯುಪತ್ರವನ್ನು ಬರೆದಿಟ್ಟಿದ್ದರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಕಾಲೇಜು ಅವರ ಹೆಸರನ್ನು ಹೊತ್ತಿದೆ. ದತ್ತಕನಾಗಿ ಬಂದವರೊಬ್ಬರು ಗುರುತಿಲ್ಲದ ಎಷ್ಟೋ ಮನೆಗಳ ಮಕ್ಕಳಿಗೆ ತೊಡೆಯಾದರು.

ವಿಶ್ವಾಮಿತ್ರನು ಹುಡುಗನಿಗೆ ದೇವರಾತನೆಂದು ಹೆಸರಿಟ್ಟನು. ದೇವರು ಕೊಟ್ಟವನೆಂದು ಅರ್ಥ. ದೇವರಿಗೆ ಕೊಟ್ಟವಳೆಂಬ ಹೆಸರನ್ನು ಹೊತ್ತ ನಮ್ಮ ಕಡೆಯ ಹುಡುಗಿಯರಿಗೂ ಇವನಿಗೂ ಒಂದೇ ವಿಭಕ್ತಿಯ ಅಂತರ. ಆದರೆ ಹೆಸರಿಟ್ಟ ಮಾತ್ರದಿಂದ ಕೆಲಸವು ಮುಗಿಯಲಿಲ್ಲ. ವಿಶ್ವಾಮಿತ್ರನಿಗೆ ನೂರೊಂದು ಮಕ್ಕಳಿದ್ದರು. ಹೊರಗಿನಿಂದ ಬಂದವನನ್ನು ಅಣ್ಣನೆಂದು ಕರೆಯುವದು ಹಿರಿಯರಾದ ಐವತ್ತು ಜನರಿಗೆ ಸರಿಬರಲಿಲ್ಲ. ಅವರು ತಂದೆಯ ಶಾಪಕ್ಕೆ ಗುರಿಯಾದರು. ನಡುವಿನವನಾದ ಮಧುಚ್ಛಂದಸನು ತನ್ನ ಕೆಳಗಿನ ಐವತ್ತು ಜನರೊಡನೆ ಮುಂದೆ ಬಂದು ಅವನನ್ನು ಹಿರಿಯನೆಂದು ಒಪ್ಪಿದನು. ಈ ಜಿಲ್ಲೆಯ ಸಾಲೆಗಳಲ್ಲಿ ಮುತ್ತು ಕಟ್ಟಿದ ತಾಯಂದಿರ ಮಕ್ಕಳು ಬಂದು ನಿಂತಾಗ, ದಾಖಲೆಯ ಪುಸ್ತಕದಲ್ಲಿ ತಂದೆಯ ಹೆಸರೆಂಬ ಅಂಕಣದ ಹತ್ತಿರ ಬರೆಯುವ ಕೈಗಳು ಬಹುಕಾಲ ತಡೆದು ನಿಂತವು. ಆ ಅಂಕಣದಲ್ಲಿ ಏನು ಬರೆಯಬೇಕೆಂಬದನ್ನು ಹುಡುಗನನ್ನು ಎಲ್ಲರ ಎದುರಿಗೆ ನಿಲ್ಲಿಸಿ ಕೇಳುವ ಮಾಸ್ತರನು ಹಿರಿಯ ಐವತ್ತು ಜನರಲ್ಲಿ ಒಬ್ಬನು. ತಾಯಿಯ ಹೆಸರನ್ನು ಮೆಲ್ಲಗೆ ಕೇಳಿ ಬರೆದುಕೊಂಡು, ನಡುವಿನ ಸಾಲಿನಲ್ಲಿ ಅವನಿಗೆ ಜಾಗ ತೋರಿಸುವವನು ಮಧುಚ್ಛಂದಸನ ಕಡೆಯವನು.